ಪೋಲೆಂಡಿಗೆ ಹೊಲಿಸಿದ ಕಂಬಳಿ ಕೋಟು

"ಕುರಿ ಸಾಕೋ ನಾನು ಅಂಗಡೀಲಿ ಸ್ವೆಟ್ರು ಕೊಂಡ್ಕೊಂಡ್ರೆ ನನ್ನ ಕುರಿಗಳೇ ನನ್ನ ಮಕ ನೋಡಿ ನಗ್ತವೆ. ಆಗಕ್ಕಿಲ್ಲ. ನನ್ನ ಉಣ್ಣೆ, ನನ್ನ ಕೋಟು. ಆ ಪೋಲೆಂಡ್ ಚಳಿಗೆ ಲಕ್ಕಯ್ಯ ಅಂದ್ರೆ ಯಾರು ಅಂತ ತೋರುಸ್ಬುಡ್ತೀನಿ."

ಮರಳವಾಡಿಯ ಟೀ ಅಂಗಡಿಯ ಮುಂದೆ ನಿಂತು ಲಕ್ಕಯ್ಯ ಹೀಗೆ ಘೋಷಿಸಿದಾಗ ಅಲ್ಲಿದ್ದವರೆಲ್ಲ ಲೋಟ ಕೆಳಗಿಟ್ಟು ಕೇಳಿಸಿಕೊಂಡರು. ಲಕ್ಕಯ್ಯನ ಘೋಷಣೆಗಳಿಗೆ ಊರಿನಲ್ಲಿ ಮೊದಲಿನಿಂದಲೂ ಒಳ್ಳೆಯ ಗಿರಾಕಿ. ಅವುಗಳಲ್ಲಿ ನೆರವೇರಿದವು ಎಷ್ಟು ಎಂದು ಮಾತ್ರ ಯಾರೂ ಕೇಳಬಾರದು.

ಪೋಲೆಂಡಿನಲ್ಲಿದ್ದವನು ಅವನ ಗೆಳೆಯ ಓವೈಸ್. ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುತ್ತಿದ್ದವನು, ಈಗ ಅಲ್ಲಿನ ಗೊಂಬೆ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ಹಿಂದೆ ಪ್ರತಿ ಬಕ್ರೀದಿಗೂ ಅವನ ಮನೆಗೆ ಟಗರು ಹೋಗುತ್ತಿದ್ದುದು ಲಕ್ಕಯ್ಯನ ಹಟ್ಟಿಯಿಂದಲೇ. ಟಗರಿನ ವ್ಯಾಪಾರ ಸ್ನೇಹವಾಯಿತು, ಸ್ನೇಹ ನೆಂಟಸ್ತನವೇ ಆಯಿತು. ಓವೈಸನ ಹೆಂಡತಿ ಮಹ್ವಿಶ್‌ಗೂ ಲಕ್ಕಯ್ಯನ ಹೆಂಡತಿ ಸರಸಮ್ಮನಿಗೂ ಒಬ್ಬರಿಗೊಬ್ಬರು ಹೇಳದ ಗುಟ್ಟೇ ಇರಲಿಲ್ಲ. ಮಹ್ವಿಶ್ ದೇಶ ಬಿಟ್ಟ ದಿನದಿಂದ ಸರಸಮ್ಮನಿಗೆ ಇದ್ದದ್ದು ಒಂದೇ ಆಸೆ. ಒಮ್ಮೆ ಅವಳ ಮನೆಗೆ ಹೋಗಿ, ಅವಳ ಅಡುಗೆಮನೆಯಲ್ಲಿ ಕೂತು, ಹೊಟ್ಟೆ ತುಂಬ ಮಾತಾಡಿ ಬರಬೇಕು.

ಓವೈಸ್ ಪ್ರತಿ ವರ್ಷ ಕರೆಯುತ್ತಿದ್ದ. ಪ್ರತಿ ವರ್ಷವೂ ಲಕ್ಕಯ್ಯ "ಬತ್ತೀನಿ ಕಣ್ಲಾ" ಅನ್ನುತ್ತಿದ್ದ. ಆಮೇಲೆ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ವರ್ಷ ಕುರಿಗಳಿಗೆ ಕಾಯಿಲೆ. ಇನ್ನೊಂದು ವರ್ಷ ಲಕ್ಕಯ್ಯನಿಗೇ ಸೊಂಟ ಹಿಡಿಯಿತು. ಟಿಕೆಟ್ ರದ್ದು ಮಾಡಿದ ಮರುದಿನ ಆ ಸೊಂಟನೋವು ಬಂದ ದಾರಿಯಲ್ಲೇ ವಾಪಸು ಹೋಯಿತು! ಈ ಸಲ ವೀಸಾ ಕೈಗೆ ಬಂದಿತ್ತು. ಕುರಿ ನೋಡಿಕೊಳ್ಳಲು ಸರಸಮ್ಮನ ಅಕ್ಕ ಅಂಕಮ್ಮ ಒಪ್ಪಿದ್ದಳು. ಆದರೂ ವಿಮಾನದ ಬಾಗಿಲು ಹಾಕುವ ತನಕ ಈ ಮನುಷ್ಯನನ್ನು ನಂಬಬಾರದು ಎಂದು ಸರಸಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಅನುಮಾನ ಸುಳ್ಳಾಗಲಿಲ್ಲ. ಒಂದು ಸಂಜೆ ಲಕ್ಕಯ್ಯ ರಾಗ ಎಳೆದ. "ಅಲ್ಲ ಕಣಮ್ಮಿ, ಅಲ್ಲಿ ಬಿಸಿನೀರು ಚೆಲ್ಲುದ್ರೆ ನೆಲ ಮುಟ್ಟೋ ಹೊತ್ಗೆ ಐಸಾಯ್ತದಂತೆ. ನಂದು ಮೊದ್ಲೇ ಶೀತದ ಮೈ."

"ಅದಕ್ಕೇನಂತೆ, ಒಂದೊಳ್ಳೆ ಕೋಟು ಕೊಂಡ್ಕಳಿ."

"ಕೊಂಡ್ಕಳದಾ? ನಾನಾ?"

ಟೀ ಅಂಗಡಿಯ ಘೋಷಣೆ ಹುಟ್ಟಿದ್ದು ಹೀಗೆ. ಯಾವ ಮಾತಿಗೂ ಎದುರು ಹೇಳದೆ ಬಿಡದ ಸರಸಮ್ಮ ಅಂದು ಮಾತ್ರ "ಒಳ್ಳೆ ಯೋಚ್ನೆ ಕಣೀ, ಹೊಲ್ಸಿ" ಎಂದಳು. ಅಷ್ಟೇ ಅಲ್ಲ, ಪೆಟ್ಟಿಗೆಯಲ್ಲಿದ್ದ ಎರಡು ಕರಿ ಕಂಬಳಿಗಳನ್ನು ತಾನೇ ತೆಗೆದು ಕೊಟ್ಟಳು. ಎರಡೂ ಅವರ ಕುರಿಗಳದ್ದೇ ಉಣ್ಣೆ. ಹುಣಸೆಬೀಜದ ಗಂಜಿ ಕುಡಿಸಿ ಗಟ್ಟಿ ಮಾಡಿದ್ದವು.

ಕನಕಪುರದ ಟೈಲರ್ ಶಾರುಖ್ ಕಂಬಳಿಯನ್ನು ಬೆರಳಿನಿಂದ ಒತ್ತಿ ನೋಡಿ, "ಅಣ್ಣಾ, ಇದನ್ನ ಹೊಲಿಯೋರು ನಾವಲ್ಲ, ಗಾರೆ ಕೆಲಸದೋರು" ಎಂದ. ಲಕ್ಕಯ್ಯ ಬಿಡಲಿಲ್ಲ. ಸೂಜಿಗಳು ಸಾಲುಸಾಲಾಗಿ ಪ್ರಾಣ ಬಿಟ್ಟವು. ಕೊನೆಗೆ ಶಾರುಖ್ ಗೋಣಿಚೀಲ ಹೊಲಿಯುವ ದಬ್ಬಣದಲ್ಲೇ ಕೋಟು ಮುಗಿಸಿದ. ಅದನ್ನು ಗೂಟಕ್ಕೆ ನೇತುಹಾಕುವ ಅಗತ್ಯವೇ ಇರಲಿಲ್ಲ. ನೆಲದ ಮೇಲೆ ಇಟ್ಟರೆ ತಾನಾಗಿ ನಿಲ್ಲುತ್ತಿತ್ತು.

ಮೊದಲ ಸಲ ಅದನ್ನು ತೊಟ್ಟು ಹಟ್ಟಿಗೆ ಕಾಲಿಟ್ಟಾಗ ಕುರಿಗಳೆಲ್ಲ ಎದ್ದು ನಿಂತವು. ಹಿರಿಯ ಟಗರು ಮಾತ್ರ ಒಂದೆರಡು ಹೆಜ್ಜೆ ಹಿಂದೆ ಸರಿಯಿತು. ಟಗರು ಹಿಂದೆ ಸರಿದರೆ ಅದರ ಅರ್ಥ ಏನೆಂದು ಇಡೀ ಊರಿಗೆ ಪಾಠ ಹೇಳಿದ ಲಕ್ಕಯ್ಯ, ಅಂದು ತನ್ನ ಠೀವಿಗೆ ಅದು ಕೊಟ್ಟ ಮರ್ಯಾದೆ ಎಂದುಕೊಂಡು ಮೀಸೆ ತಿರುವುತ್ತ ನಿಂತ. ಮರುಕ್ಷಣ ಅವನು ಹುಲ್ಲಿನ ಮೆದೆಯಲ್ಲಿದ್ದ.

"ಬೇರೆ ಮಂದೆ ಟಗರು ಅಂದ್ಕಂಡೈತೆ ಬುಡಿ," ಎಂದು ಸರಸಮ್ಮ ಹುಲ್ಲು ಕೊಡವಿದಳು. "ಕೋಟು ಭರ್ಜರಿಯಾಗೈತೆ ಅಂತಾಯ್ತು. ಟೀ ಅಂಗ್ಡೀಗೂ ಒಂದ್ಸಲ ಹಾಕ್ಕಂಡೋಗಿ ತೋರುಸ್ಬನ್ನಿ."

ತೋರಿಸಿ ಬಂದ. ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಊರಿನ ವಾಟ್ಸಾಪ್ ಗುಂಪಿನಲ್ಲಿ ಕೋಟು ಹರಿದಾಡಿತು. ಉಬ್ಬಿಹೋದ ಲಕ್ಕಯ್ಯ, "ಬರೀ ತೋರ್ಸಾದಲ್ಲ, ಟೆಸ್ಟ್ ಮಾಡ್ತೀನಿ" ಎಂದುಬಿಟ್ಟ.

ಸರಸಮ್ಮನ ತಮ್ಮ ಮುತ್ತುರಾಜು ಬಿಡದಿಯ ಕಡೆ ಐಸ್‌ಕ್ರೀಮ್ ಇಡುವ ಗೋಡೌನ್ ಒಂದರಲ್ಲಿ ಕೆಲಸಕ್ಕಿದ್ದ. ಅಲ್ಲಿನ ಕೋಲ್ಡ್ ರೂಮಿನಲ್ಲಿ ಪೋಲೆಂಡಿಗಿಂತಲೂ ಹೆಚ್ಚು ಚಳಿ ಎಂದು ಅವನೇ ಹೇಳಿದ್ದ. ಲಕ್ಕಯ್ಯ ಕೋಟು ತೊಟ್ಟು ಸ್ಕೂಟರ್ ಏರಿದ. ದಾರಿಯುದ್ದಕ್ಕೂ ಜಡಿಮಳೆ. ಕಂಬಳಿಗೆ ಮಳೆ ತಡೆಯುವ ಗುಣವಿದೆ, ನಿಜ. ಶಾರುಖ್ ದಬ್ಬಣದಲ್ಲಿ ಹೊಡೆದ ತೂತುಗಳಿಗೆ ಆ ಗುಣ ಇರಲಿಲ್ಲ. ಬಿಡದಿ ಮುಟ್ಟುವ ಹೊತ್ತಿಗೆ ಕೋಟು ಒಂದು ಕೊಡ ನೀರು ಕುಡಿದಿತ್ತು.

"ಒದ್ದೆ ಆಗೈತಲ್ಲ ಭಾವ," ಎಂದ ಮುತ್ತುರಾಜು.

"ಒಳಗೆ ಬೆಚ್ಚಗೈತೆ. ನೀನು ವಿಡಿಯೋ ತಗಿ, ಗ್ರೂಪಿಗೆ ಹಾಕನ."

ಐಸ್‌ಕ್ರೀಮ್ ಡಬ್ಬಗಳ ನಡುವೆ ನಿಂತು ಲಕ್ಕಯ್ಯ ಗೆದ್ದ ಪೈಲ್ವಾನನ ಹಾಗೆ ಎರಡೂ ತೋಳು ಅಗಲಿಸಿದ. ಮುತ್ತುರಾಜುವಿನ ಫೋನು ಅದೇ ಗಳಿಗೆಯಲ್ಲಿ ಚಳಿಗೆ ಆಫ್ ಆಯಿತು. "ಹಂಗೇ ಇರಿ ಭಾವ, ಅಲ್ಲಾಡ್ಬೇಡಿ" ಎಂದು ಅವನು ಅದನ್ನು ಅಂಗೈಯಲ್ಲಿ ಉಜ್ಜಿದ, ಊದಿದ, ಶರ್ಟಿನೊಳಗೆ ಇಟ್ಟುಕೊಂಡ. ಲಕ್ಕಯ್ಯ ಅಲ್ಲಾಡಲಿಲ್ಲ. ಫೋನು ಕಣ್ಣು ಬಿಟ್ಟು, ವಿಡಿಯೋ ಮುಗಿಯುವ ಹೊತ್ತಿಗೆ ಕೋಟು ಪೂರ್ತಿ ಹೆಪ್ಪುಗಟ್ಟಿತ್ತು.

"ಆಯ್ತು ಭಾವ, ಕೈ ಇಳ್ಸಿ."

"ಇಳೀತಿಲ್ಲ ಕಣ್ಲಾ."

"ತಮಾಷೆ ಮಾಡ್ಬೇಡಿ."

"ತಮಾಷೆ ಮಾಡಕ್ಕೂ ಕೈ ಬೇಕಲ್ಲೋ."

ಗೋಡೌನಿನ ಹಮಾಲರು ಬಂದು ಲಕ್ಕಯ್ಯನನ್ನು ಬೀರು ಸಾಗಿಸುವಂತೆ ಅಡ್ಡಡ್ಡಲಾಗಿ ಹೊತ್ತು ಹೊರಗೆ ತಂದರು. ಬಿಸಿಲು ಇರಲಿಲ್ಲ. ಪಕ್ಕದ ಹೋಟೆಲಿನ ಒಲೆಯ ಮುಂದೆ ನಿಲ್ಲಿಸಿದರು. ತೋಳು ಚಾಚಿ ನಿಂತ ಮನುಷ್ಯನನ್ನು ಕಂಡ ಲಾರಿ ಡ್ರೈವರ್ ಒಬ್ಬ, ಯಾರೋ ಹಳೆಯ ಪರಿಚಯದವರು ಇಷ್ಟು ಪ್ರೀತಿಯಿಂದ ಕರೆಯುತ್ತಿದ್ದಾರೆಂದು ಓಡಿಬಂದು ತಬ್ಬಿಕೊಂಡ. ತಬ್ಬಿದಷ್ಟೇ ಬೇಗ ಹಿಂದಕ್ಕೆ ಹಾರಿ, "ಈ ಯಪ್ಪಂಗೆ ಜೀವ ಐತಾ?" ಎಂದು ಹೋಟೆಲಿನವನನ್ನು ಕೇಳಿದ.

ಐಸು ಕರಗತೊಡಗಿತು. ಅದರ ಜೊತೆ ಹುಣಸೆಬೀಜದ ಗಂಜಿಯೂ ಕರಗಿ ಬೆನ್ನ ಮೇಲೆ ಇಳಿಯತೊಡಗಿತು. ಹೋಟೆಲಿನ ಹಿಂದೆ ಎಂಜಲೆಲೆ ಮೇಯುತ್ತಿದ್ದ ಬೀದಿ ಹಸುವಿಗೆ ಆ ವಾಸನೆ ಹಿಡಿಸಿತು. ಅದು ಬಂದು ಲಕ್ಕಯ್ಯನ ಬೆನ್ನನ್ನು ನಿಧಾನವಾಗಿ, ರುಚಿ ನೋಡಿ ನೋಡಿ, ಮೇಲಿಂದ ಕೆಳಗೆ ನೆಕ್ಕಿತು. ತಿರುಗಿ ನೋಡಲೂ ಆಗದೆ ಲಕ್ಕಯ್ಯ, "ಯಾರಪ್ಪಾ ಒರುಸ್ತಿರೋದು, ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದು ಹರಸಿದ. ಮುತ್ತುರಾಜು ಇದನ್ನೂ ವಿಡಿಯೋ ಮಾಡಿದ.

ಸಂಜೆ ಮನೆಯಲ್ಲಿ ಲಕ್ಕಯ್ಯ ದುಪ್ಪಟಿ ಹೊದ್ದು ಮೂಲೆಯಲ್ಲಿ ಕೂತಿದ್ದ. ಮೂಗು ಸೋರುತ್ತಿತ್ತು, ಧೈರ್ಯವೂ ಸೋರಿ ಹೋಗಿತ್ತು. ಕೋಟು ಹೊರಗೆ ತಂತಿಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಸರಸಿ, ಈ ಸಲ ಬ್ಯಾಡ. ಆ ಚಳೀಲಿ ನಾನು ವಾಪಸ್ ಬರಾಕಿಲ್ಲ. ಮುಂದಿನ ವರ್ಷ ನೋಡಣ ಅಂತ ಓವೈಸಂಗೆ ಹೇಳ್ಬುಡು."

ಸರಸಮ್ಮನ ಮುಖ ಒಂದು ಗಳಿಗೆ ಬಾಡಿತು. ಎಷ್ಟು ಸಲ ಈ ಮಾತು ಕೇಳಿ ಒಳಗೇ ಅತ್ತಿದ್ದಳೋ. ಆದರೆ ಇವತ್ತು ಅಳಲಿಲ್ಲ. ಫೋನು ತಂದು, ನಂಬರು ಒತ್ತಿ, ಗಂಡನ ಮುಖದ ಮುಂದೆ ಹಿಡಿದಳು. "ನೀವೇ ಹೇಳಿ."

ಪರದೆಯ ಮೇಲೆ ಓವೈಸ್ ಕಾಣಿಸಿಕೊಂಡ. ಮೈಮೇಲೆ ಬನಿಯನ್ನು, ಸೊಂಟಕ್ಕೆ ಲುಂಗಿ. ಟವೆಲಿನಲ್ಲಿ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ. ಅವನ ಹಿಂದಿನ ಕಿಟಕಿಯ ಗಾಜಿನಾಚೆ ಹಿಮ ಸುರಿಯುತ್ತಿತ್ತು.

"ಇದೇನ್ಲಾ ನಿನ್ನ ವೇಷ?" ಎಂದ ಲಕ್ಕಯ್ಯ.

"ಏನ್ಮಾಡದು ಲಕ್ಕಣ್ಣ, ಮನೇಲೆಲ್ಲಾ ಹೀಟ್ರು. ಒಳಗೆ ಸೆಕೆ. ಕಾರೂ ಬಿಸಿ, ಅಂಗ್ಡೀನೂ ಬಿಸಿ. ಆಚೆ ನಿಲ್ಲೋರು ಯಾರವ್ರೆ ಇಲ್ಲಿ? ಹೋಗ್ಬರೋಕೆ ನಂದೇ ಎರಡು ಕೋಟವೆ. ನೀವು ಬರೋವಾಗ ಒಂದೆರಡು ತೆಳ್ಳನೆ ಲುಂಗಿ ತನ್ನಿ, ಸಾಕು."

ಬರುವುದಿಲ್ಲ ಎನ್ನಲು ತೆರೆದ ಬಾಯಿಯನ್ನು ಲಕ್ಕಯ್ಯ ಹಾಗೇ ಮುಚ್ಚಿದ. ಕರೆ ಮುಗಿದ ಮೇಲೆ ಹೆಂಡತಿಯ ಕಡೆ ತಿರುಗಿದ. ಅವಳ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ. ಅವಳ ಬ್ಯಾಗು ಆಗಲೇ ತಯಾರಾಗಿತ್ತು. ಇಣುಕಿದರೆ ಒಳಗೆ ಬರೀ ತೆಳ್ಳನೆಯ ವಾಯಿಲ್ ಸೀರೆಗಳು.

"ನಿಂಗೆ ಇದು ಗೊತ್ತಿತ್ತಾ?"

"ಹೋದ ವರ್ಸಾನೇ ಮಹ್ವಿಶ್ ಹೇಳಿದ್ಳು."

"ಮತ್ತೆ ಕೋಟು ಹೊಲ್ಸೋವಾಗ ಒಂದು ಮಾತು ಅನ್ಬಾರದಾ? ಟಗರತ್ರ ಗುದ್ದುಸ್ಕಂಡೆ. ಐಸಾದೆ. ಹಸು ಕೈಲಿ ಬೆನ್ನು ನೆಕ್ಕುಸ್ಕಂಡೆ."

"ಚಳಿ ಇಲ್ಲ ಅಂದಿದ್ರೆ ನೀವು ಇನ್ನೊಂದು ನೆಪ ಹುಡುಕ್ತಿದ್ರಿ," ಎಂದಳು ಸರಸಮ್ಮ, ಸೀರೆಯ ಮಡಿಕೆ ಸರಿಮಾಡುತ್ತ. "ಈಗ ನೋಡಿ, ಕೋಟ್ನ ಊರೆಲ್ಲಾ ನೋಡೈತೆ. ವಿಡಿಯೋ ಕನಕಪುರ್ದ ತಂಕ ಹೋಗೈತೆ. ಇಷ್ಟಾದ್ಮೇಲೂ ಪೋಲೆಂಡಿಗೆ ಹೋಗ್ದೆ ಉಳುದ್ರೆ, ನಾಳೆ ಟೀ ಅಂಗ್ಡಿ ಮುಂದೆ ಯಾವ ಮಕ ಹೊತ್ಕಂಡು ನಿಲ್ತೀರಿ?"

ಲಕ್ಕಯ್ಯನಿಗೆ ಒಂದು ಸೀನು ಬಂತು. ಮೂಗು ಒರೆಸಿಕೊಂಡು ಎದ್ದು, ಟ್ರಂಕಿನ ಮುಚ್ಚಳ ತೆಗೆದು, ಲುಂಗಿ ಹುಡುಕತೊಡಗಿದ.