ಕಾಣದ ತೂತು, ಕಾಡುವ ಗುಳ್ಳೆ

ಪೂರ್ತಿ ಡಾಕ್ಟರೂ ಅಲ್ಲದ, ಪೂರ್ತಿ ಇಂಜಿನಿಯರೂ ಅಲ್ಲದ ಕಸುಬು ಹಿಡಿದವರಿಗೆ ಇಂಥ ಪ್ರಸಂಗಗಳು ಆಗಾಗ ಎದುರಾಗುತ್ತಲೇ ಇರುತ್ತವೆ. ಸ್ವಲ್ಪ ದಿನ ಏನೂ ಆಗದಿದ್ದರೆ ನನಗೇ ಏನೋ ಕಳೆದುಕೊಂಡ ಹಾಗೆ.

ನಾನು ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಯೋಮೆಡಿಕಲ್ ಪಾಠ ಮಾಡುತ್ತೇನೆ. ಉಳಿದ ಹೊತ್ತಲ್ಲಿ ಸಂಶೋಧನೆ. ರಕ್ತವೋ, ಎಂಜಲೋ, ಹಾಲೋ, ಯಾವುದಾದರೂ ಸರಿ, ಅದರ ಒಂದು ಹನಿಯನ್ನು ಕೂದಲೆಳೆಯಷ್ಟು ಸಣ್ಣ ಕಾಲುವೆಯಲ್ಲಿ ಹರಿಸಿ, ಅದರೊಳಗೆ ಏನಿದೆ ಅಂತ ಪತ್ತೆ ಮಾಡುವ ಚಿಪ್ ತಯಾರಿಸುವುದು ನನ್ನ ಕೆಲಸ. ಕೇಳಿದವರಿಗೆಲ್ಲ ಇದನ್ನು ಬಿಡಿಸಿ ಹೇಳುತ್ತೇನೆ. ಅವರು ತಲೆಯಾಡಿಸಿಕೊಂಡು ಪೂರ್ತಿ ಕೇಳಿ, ಕೊನೆಗೆ, "ಹಾಗಾದ್ರೆ ನನ್ನ ಮಂಡಿ ನೋವಿಗೆ ಯಾವ ಮಾತ್ರೆ ಒಳ್ಳೇದು?" ಅನ್ನುತ್ತಾರೆ.

ಸೊಸೆಯ ಕಸುಬು

ನಮ್ಮ ಮಾವನವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ, "ಅಲ್ಲಮ್ಮಾ, ಕಾಲೇಜಲ್ಲಿ ನೀನು ಮಾಡೋದಾದ್ರೂ ಏನು? ಒಂದು ಸಲ ಸರಿಯಾಗಿ ಹೇಳಿಬಿಡು. ಯಾರಾದ್ರೂ ಕೇಳಿದ್ರೆ ನಾನು ತಡವರಿಸಬಾರದು" ಅಂದರು.

ಆಗ ನಾನು ನ್ಯಾನೋಪೋರ್ ಕೆಲಸದಲ್ಲಿದ್ದೆ. "ಮಾವ, ತುಂಬಾ ತೆಳ್ಳಗಿನ ಒಂದು ಪೊರೆ ಇರುತ್ತೆ. ಅದರಲ್ಲಿ ಒಂದು ತೂತು ಮಾಡ್ತೀವಿ. ಸೂಜಿಗೆ ದಾರ ಪೋಣಿಸಿದ ಹಾಗೆ ಡಿಎನ್‌ಎ ಎಳೆ ಅದರೊಳಗೆ ತೂರಿ ಹೋಗುತ್ತೆ. ಹೋಗುವಾಗ ಕರೆಂಟು ಏರಿಳಿಯೋದನ್ನ ನೋಡಿ ಎಳೆಯಲ್ಲಿ ಏನಿದೆ ಅಂತ ಓದ್ತೀವಿ."

"ತೂತು ಎಷ್ಟು ದೊಡ್ಡದು?"

"ಕಣ್ಣಿಗೆ ಕಾಣಲ್ಲ ಮಾವ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣಲ್ಲ."

ಮಾವ ಹೆಬ್ಬೆರಳು ತೋರುಬೆರಳು ಸೇರಿಸಿ, ಸಂದಿಯಲ್ಲಿ ಇಣುಕಿ ನೋಡಿದರು. ಜೀವನವಿಡೀ ಉಕ್ಕಿಗೆ ತೂತು ಕೊರೆದವರು. ಸೊಸೆಯೂ ತಮ್ಮದೇ ಲೈನಿನವಳು ಅಂತ ಗೊತ್ತಾಗಿ ಮುಖ ಅರಳಿತು.

ಸಂಜೆ ಅವರ ಹಳೇ ಸ್ನೇಹಿತರೊಬ್ಬರು ಕಾಫಿಗೆ ಬಂದರು. ನಾನು ಒಳಗೆ ಲೋಟಕ್ಕೆ ಕಾಫಿ ಸುರಿಯುತ್ತಿದ್ದೆ. ಹೊರಗೆ ಮಾವ ಹೆಮ್ಮೆಯಿಂದ, "ನಮ್ಮ ಸೊಸೆ ತೂತು ಕೊರೆಯೋದ್ರಲ್ಲಿ ಸಂಶೋಧನೆ ಮಾಡ್ತಿದಾಳೆ" ಅನ್ನುತ್ತಿದ್ದರು.

"ಹೌದಾ! ಹಂಗಾದ್ರೆ ನಮ್ಮ ಸೈಟಲ್ಲಿ ಒಂದು ಬೋರ್‌ವೆಲ್ ಹಾಕಿಸಬೇಕು. ಮಾಡಿಕೊಡ್ತಾಳಾ ಕೇಳು ಮಾರಾಯ."

ಮಾವನ ಧ್ವನಿ ಗಂಭೀರವಾಯಿತು. "ಇಲ್ಲಪ್ಪ. ಅಷ್ಟು ದೊಡ್ಡ ತೂತಿನ ಕೆಲಸ ಅವಳು ತಗೊಳ್ಳಲ್ಲ."

ಗಾಜಿನ ಹಲ್ವಾ

ನಮ್ಮ ಚಿಪ್‌ಗಳನ್ನು ಒಂದು ಥರದ ಪಾರದರ್ಶಕ ರಬ್ಬರಿನಲ್ಲಿ ಮಾಡುತ್ತೇವೆ. ಮೊದಲು ಅದು ಜೇನುತುಪ್ಪದ ಹಾಗೆ ಇರುತ್ತದೆ. ಅಚ್ಚಿಗೆ ಸುರಿದು, ಹದವಾದ ಬಿಸಿಯಲ್ಲಿ ಕೆಲವು ಗಂಟೆ ಇಟ್ಟರೆ ಗಟ್ಟಿಯಾಗುತ್ತದೆ. ಒಂದು ಸಲ, ನಾಳೆ ಚಿಪ್ ಕಳಿಸಲೇಬೇಕು ಅನ್ನುವಾಗ ಲ್ಯಾಬಿನ ಓವನ್ ಕೈಕೊಟ್ಟಿತು. ರಿಪೇರಿಯವನು ಫೋನಿನಲ್ಲಿ, "ಬರ್ತೀನಿ ಮೇಡಂ" ಅಂದ. ಯಾವ ವಾರ ಅಂತ ಹೇಳಲಿಲ್ಲ.

ದುರ್ಗಿಗುಡಿಯಲ್ಲಿ ನಾನು ಯಾವಾಗಲೂ ಬನ್ನು, ಖಾರ ತಗೊಳ್ಳುವ ಬೇಕರಿ ಇದೆ. ಅಚ್ಚುಗಳನ್ನು ಮುಚ್ಚಳದ ಡಬ್ಬಿಯಲ್ಲಿಟ್ಟುಕೊಂಡು ಹೋಗಿ ಮಾಲೀಕರನ್ನು ಅಂಗಲಾಚಿದೆ. ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಬ್ರೆಡ್ ಎಲ್ಲ ತೆಗೆದ ಮೇಲೆ ಓವನ್ ಆರ್ತಾ ಇರುತ್ತಲ್ಲ, ಆಗ ಇಡ್ತೀನಿ. ತಿನ್ನೋದಲ್ಲ ತಾನೆ?" ಅಂದರು.

"ಅಲ್ಲ ಅಣ್ಣ, ರಬ್ಬರು. ರಕ್ತದಲ್ಲಿ ಶುಗರ್ ಪರೀಕ್ಷೆ ಮಾಡೋದಕ್ಕೆ."

ಮರುದಿನ ಹೋದಾಗ ಕೌಂಟರಿನ ಮುಂದೆ ಜಗಳ. ನನ್ನ ಡಬ್ಬಿಯ ಮುಚ್ಚಳ ತೆಗೆದು ಆರಲಿ ಅಂತ ಹನಿ ಕೇಕಿನ ಪಕ್ಕ ಇಟ್ಟಿದ್ದರು. ವಾಕಿಂಗ್ ಮುಗಿಸಿ ಬಂದ ಹಿರಿಯರೊಬ್ಬರು ಅದರ ಮುಂದೆ ನಿಂತುಬಿಟ್ಟಿದ್ದರು.

"ಈ ಗಾಜಿನಂಥ ಹಲ್ವಾ ಕಾಲು ಕೆಜಿ ಕಟ್ಟಿ ಅಂದ್ರೆ ಕೊಡಲ್ಲ ಅಂತೀರಲ್ಲ!"

"ಸಾರ್, ಅದು ಹಲ್ವಾ ಅಲ್ಲ. ರಕ್ತದಲ್ಲಿ ಶುಗರ್ ನೋಡೋಕೆ ಮಾಡಿರೋದು."

ಹಿರಿಯರ ಕಣ್ಣು ಹೊಳೆಯಿತು. "ಶುಗರ್ ಇರೋರಿಗೇ ಅಂತ ಮಾಡಿದ್ದಾ? ಮೊದಲೇ ಹೇಳಬಾರದಾ! ಹಾಗಾದ್ರೆ ಅರ್ಧ ಕೆಜಿ ಕಟ್ಟಿ."

ಬಸ್ಸಿನಲ್ಲಿ ಬಂದ ಫೋನು

ನಮ್ಮ ಕೆಲಸದಲ್ಲಿ ದೊಡ್ಡ ಶತ್ರು ಗಾಳಿಗುಳ್ಳೆ. ಕೂದಲಿನಷ್ಟು ಕಾಲುವೆಯಲ್ಲಿ ಒಂದು ಗುಳ್ಳೆ ಸಿಕ್ಕಿಕೊಂಡರೆ ಮುಗಿಯಿತು, ಹನಿ ಮುಂದೆ ಹೋಗುವುದೇ ಇಲ್ಲ.

ಅವತ್ತು ಭದ್ರಾವತಿಗೆ ಹೋಗುವ ಬಸ್ಸಿನಲ್ಲಿದ್ದೆ. ಕೂತ ಐದು ನಿಮಿಷಕ್ಕೆ ಲ್ಯಾಬಿನಿಂದ ನಮ್ಮ ಪಿಎಚ್‌ಡಿ ವಿದ್ಯಾರ್ಥಿನಿಯ ಫೋನು. ಅಳುವುದೊಂದು ಬಾಕಿ. ಬಸ್ಸಿನ ಸದ್ದಿನಲ್ಲಿ ನಾನು ಕೂಗಿಯೇ ಮಾತಾಡಬೇಕಾಯಿತು.

"ಗುಳ್ಳೆ ಎದ್ದಿದೆಯಾ? ಎಲ್ಲಿ? ... ಅಳಬೇಡ. ರಕ್ತ ಹೋಗ್ತಾ ಇದೆಯಾ? ... ಪೂರ್ತಿ ನಿಂತೇ ಹೋಯ್ತಾ? ... ಸ್ವಲ್ಪ ಜೋರಾಗಿ ಒತ್ತು. ... ಸೋರ್ತಾ ಇದೆಯಾ? ಟಿಶ್ಯೂ ಪೇಪರಲ್ಲಿ ಒರೆಸಿಬಿಡು."

ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋದರು. ನನಗೆ ಅದರ ಪರಿವೆಯೇ ಇರಲಿಲ್ಲ.

"ಹೋಗ್ಲಿ ಬಿಡು ಮಾರಾಯ್ತಿ, ಅದು ಸತ್ತ ಹಾಗೇ. ಕಸದ ಬುಟ್ಟಿಗೆ ಹಾಕು. ಇನ್ನೊಂದನ್ನ ತಗೊಂಡು ಮೊದಲಿಂದ ಶುರು ಮಾಡು. ಏನು? ಎಲ್ಲಾ ಖಾಲಿನಾ? ಬೆಳಗ್ಗೆಯಿಂದ ಎಲ್ಲಾನೂ ಹಾಳು ಮಾಡಿದೀಯಾ? ಪರವಾಗಿಲ್ಲ, ಕಲಿಯೋವಾಗ ಹಾಗೇ. ನಾನೂ ಶುರುವಿನಲ್ಲಿ ಬೇಕಾದಷ್ಟು ಹಾಳು ಮಾಡಿದೀನಿ."

ಫೋನ್ ಇಟ್ಟೆ. ಬಸ್ಸಿನವರೆಲ್ಲ ನನ್ನ ಕಡೆಗೇ ತಿರುಗಿದ್ದರು. ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ಬಗ್ಗಿ, ಬಹಳ ವಿನಯದಿಂದ ಕೇಳಿದರು:

"ಮೇಡಂ, ತಪ್ಪು ತಿಳಿಬೇಡಿ. ಆಸ್ಪತ್ರೆ ಹೆಸರು ಒಂದು ಹೇಳಿಬಿಡಿ. ನಮ್ಮೋರ್ಯಾರೂ ಆ ಕಡೆ ತಲೆ ಹಾಕದ ಹಾಗೆ ನೋಡ್ಕೋತೀನಿ."

ನಮ್ಮ ಬೀದಿಯ ಹಾಲು

ವಿನೋಬನಗರದ ನಮ್ಮ ಬೀದಿಗೆ ಒಬ್ಬನೇ ಹಾಲಿನವನು. ಅವನ ಹಾಲಿನಲ್ಲಿ ಲೋಟದ ತಳ ಕಾಣುತ್ತಿತ್ತು ಅಂದರೆ ಸಾಕು. ಹೇಳಿದರೆ, "ಹಸು ನೀರು ಜಾಸ್ತಿ ಕುಡೀತಿದೆ ಅಕ್ಕ" ಅನ್ನುತ್ತಿದ್ದ.

ಅದೇ ಹೊತ್ತಿಗೆ ನಾನು ಹಾಲಿನ ಕಲಬೆರಕೆ ಪತ್ತೆ ಮಾಡುವ ಸೆನ್ಸರ್ ಕೆಲಸಕ್ಕೆ ಕೈ ಹಾಕಿದೆ. ನಮ್ಮ ಹಿರಿಯ ಪ್ರಾಧ್ಯಾಪಕರು ಮೊದಲೇ ಹೇಳಿದ್ದರು: "ನೀವೇ ನೀರು ಬೆರೆಸಿ, ನೀವೇ ಕಂಡುಹಿಡಿದರೆ ಅದು ಸಂಶೋಧನೆ ಅಲ್ಲ, ಜಾದೂ. ಮನೆಮನೆಗೆ ಬರೋ ಹಾಲನ್ನೇ ಪರೀಕ್ಷೆ ಮಾಡಬೇಕು."

ಸರಿ, ಬೆಳಗ್ಗೆ ಗೇಟಿನ ಹತ್ತಿರವೇ ಕೈಗವಸು ಹಾಕಿಕೊಂಡು ನಿಂತೆ. ಹಾಲಿನವನು ಅಳೆದು ಕೊಟ್ಟ ಕೂಡಲೇ ಒಂದು ಹನಿ ತೆಗೆದು ಚಿಪ್‌ಗೆ ಬಿಡುತ್ತಿದ್ದೆ. ಯಂತ್ರದ ಪರದೆಯಲ್ಲಿ ಬಂದ ಅಂಕಿ ನೋಡಿ ಹುಬ್ಬು ಗಂಟಿಕ್ಕುತ್ತಿದ್ದೆ. ಸತ್ಯವಾಗಿ ಹೇಳಬೇಕೆಂದರೆ ಆ ಯಂತ್ರ ಆಗ ಕೆಲಸವೇ ಮಾಡುತ್ತಿರಲಿಲ್ಲ. ಹಾಲು ಬಿಟ್ಟರೂ ಒಂದೇ ಅಂಕಿ, ನಲ್ಲಿ ನೀರು ಬಿಟ್ಟರೂ ಅದೇ ಅಂಕಿ. ನನ್ನ ಹುಬ್ಬು ಗಂಟಿಕ್ಕಿದ್ದು ಅದಕ್ಕೆ.

ಹಾಲಿನವನಿಗೆ ಅದು ಹೇಗೆ ಗೊತ್ತಾಗಬೇಕು? ಜೊತೆಗೆ ಎದುರುಮನೆ ಆಂಟಿ, "ಮೇಡಂ ಮಿಷನ್ನಲ್ಲಿ ಎಲ್ಲಾ ಬರುತ್ತಪ್ಪ, ಯಾವ ನಲ್ಲಿ ನೀರು ಅಂತಾನೂ ಬರುತ್ತೆ" ಅಂತ ಹೇಳಿಬಿಟ್ಟಿದ್ದರು. ವಾರ ಕಳೆಯುವುದರೊಳಗೆ ಹಾಲು ದಪ್ಪಗಾಯಿತು. ಕೆನೆ ಕಟ್ಟತೊಡಗಿತು. ಆಂಟಿ ಬೆಣ್ಣೆ ಕಾಯಿಸಿ ತುಪ್ಪ ಮಾಡಿ, ನನಗೊಂದು ಬಾಟಲಿ ತಂದುಕೊಟ್ಟರು. "ವಿಜ್ಞಾನ ಅಂದ್ರೆ ವಿಜ್ಞಾನ ಕಣಮ್ಮ" ಅಂದರು. ಬೀದಿಯವರೆಲ್ಲ ಖುಷಿ. ನಾನೂ ಒಳ್ಳೆಯ ಕಾಫಿ ಕುಡಿಯುತ್ತಾ ಆರಾಮಾಗಿದ್ದೆ.

ಕೆಲವು ತಿಂಗಳ ಮೇಲೆ ಯಂತ್ರ ನಿಜವಾಗಿಯೂ ಕೆಲಸ ಮಾಡತೊಡಗಿತು. ಕುಣಿದಾಡಿದೆ. ಆದರೆ ಈಗ ಬೀದಿಯ ಯಾವ ಮನೆಯ ಹಾಲು ತಂದರೂ ಶುದ್ಧ! ಕಲಬೆರಕೆ ಪತ್ತೆ ಮಾಡುವ ಸೆನ್ಸರಿಗೆ ಕಲಬೆರಕೆಯೇ ಸಿಗದಿದ್ದರೆ ಪ್ರಬಂಧದಲ್ಲಿ ಏನು ಬರೆಯಲಿ? ಪ್ರಾಧ್ಯಾಪಕರು ದಿನಾ ಕೇಳುತ್ತಿದ್ದರು, "ಕೆಟ್ಟ ಹಾಲು ಸಿಕ್ತೇನಮ್ಮ?"

ಕೊನೆಗೆ ಒಂದು ಬೆಳಗ್ಗೆ ನಾಚಿಕೆ ಬಿಟ್ಟು ಹಾಲಿನವನನ್ನು ಗೇಟಿನ ಬಳಿ ನಿಲ್ಲಿಸಿದೆ.

"ಅಣ್ಣ, ಒಂದು ಸಹಾಯ ಆಗಬೇಕು. ನಾಳೆ ನೀವು ಮೊದಲು ಹಾಕ್ತಿದ್ದ ಹಾಗೆ ಸ್ವಲ್ಪ ನೀರು ಹಾಕಿದ ಹಾಲು ಬೇಕಿತ್ತು."

ಅವನು ಎರಡೂ ಕೆನ್ನೆ ಬಡಿದುಕೊಂಡ. "ಅಯ್ಯೋ ಶಿವ! ಏನ್ ಮಾತು ಆಡ್ತೀರಕ್ಕ! ನಾನು ಅಂಥ ಕೆಲಸ ಮಾಡೋನಾ? ದೇವರು ಮೆಚ್ತಾನಾ?"

"ಕಂಪ್ಲೇಂಟ್ ಕೊಡಲ್ಲ ಅಣ್ಣ. ನನ್ನ ಓದಿಗೆ ಬೇಕು. ಅದು ಸಿಗದಿದ್ರೆ ನನ್ನ ಇಷ್ಟು ದಿನದ ಕೆಲಸ ಎಲ್ಲಾ ನೀರು ಪಾಲಾಗುತ್ತೆ."

ಅವನು ನನ್ನ ಮುಖವನ್ನೇ ನೋಡಿದ. ನಾನು ನಿಜವಾಗಿಯೂ ಕಷ್ಟದಲ್ಲಿದ್ದೇನೆ ಅನ್ನಿಸಿರಬೇಕು, ಮನಸ್ಸು ಕರಗಿತು. ಆಚೆ ಈಚೆ ನೋಡಿ, ಹತ್ತಿರ ಬಂದು ಧ್ವನಿ ತಗ್ಗಿಸಿ ಹೇಳಿದ:

"ನಿಮ್ಮ ಬೀದಿ ಹಾಲಿಗೆ ನೀರು ಹಾಕು ಅಂತ ಮಾತ್ರ ಹೇಳಬೇಡಿ ಅಕ್ಕ, ಅದು ನನ್ನ ಕೈಲಾಗಲ್ಲ. ಬೇಕಿದ್ರೆ ಆ ಕಡೆ ಗೋಪಾಳ ಬಡಾವಣೆ ಮನೆಗಳಿಗೆ ಹಾಕೋ ಹಾಲು ಒಂದು ಲೀಟರ್ ತಂದುಕೊಡ್ಲಾ?"