ಪಬ್ಬಿಗೆ ಬಂದ ಮಾದಪ್ಪ

ಲಿಂಗಪೂಜೆ ಮುಗಿಸಿ ತಣ್ಣಗೆ ಕೂತಿದ್ದರೂ ಇಂಥ ಪ್ರಸಂಗಗಳು ನಮ್ಮ ಮನೆ ವಿಳಾಸ ಕೇಳಿಕೊಂಡೇ ಬರುತ್ತವೆ. ಕಾರಿಗೆ, ಬೋರ್‌ವೆಲ್ಲಿಗೆ, ಕಬ್ಬಿನ ಲಾರಿಗೆ ಪೂಜೆ ಮಾಡಿದ್ದೇನೆ. ಒಮ್ಮೆ ಎಟಿಎಂಗೆ ಕುಂಕುಮ ಇಡಲು ಹೋಗಿ ಯಾವುದೋ ಗುಂಡಿ ಒತ್ತಿಬಿಟ್ಟೆ. ಅದು ಇಂಗ್ಲಿಷಿನಲ್ಲಿ ಏನೋ ಹೇಳಿತು. ಆಶೀರ್ವಾದವೇ ಇರಬೇಕು ಅಂದುಕೊಂಡು ಕೈಮುಗಿದೆ.

ಕತ್ತಲಿನ ಅಂಗಡಿ

ಹೊಸ ಅಗ್ರಹಾರದ ನಮ್ಮ ಬೀದಿಯಲ್ಲೊಬ್ಬ ರೈತನಿದ್ದಾನೆ, ಒಳ್ಳೆಯ ಮನುಷ್ಯ. ಕೆ.ಆರ್. ನಗರದ ರಸ್ತೆಯಲ್ಲಿ ಒಂದು ಮಳಿಗೆ ಕಟ್ಟಿಸಿದ್ದ. ಒಂದು ಬೆಳಿಗ್ಗೆ ಎಲೆಅಡಿಕೆ ಹಿಡಿದು ಬಂದು, ಅಲ್ಲಿ ಪಬ್ ತೆರೆಯುತ್ತೇನೆ, ಮುಹೂರ್ತ ನೋಡಿಕೊಡಿ ಅಂದ. ಕೊಪ್ಪಕ್ಕೆ ಹೋದಾಗ ಟೂರಿಸ್ಟುಗಳ ಬಾಯಲ್ಲಿ ಕೇಳಿ ಹಿಡಿಸಿದ ಪದವಂತೆ.

ಅಂದರೆ ಬಾರ್ ತಾನೇ ಅಂದೆ. ಅವನಿಗೆ ಬೇಜಾರಾಯಿತು.

"ಬಾರಲ್ಲ ಅಯ್ನೋರೆ, ಪಬ್ಬು. ಬಾರಲ್ಲಿ ಲೈಟ್ ಇರ್ತದೆ, ಪಬ್ಬಲ್ಲಿ ಕತ್ತಲು. ಗದ್ದಲ ಜೋರಾಗಿರ್ತದೆ, ಒಬ್ರು ಮಾತು ಒಬ್ರಿಗೆ ಕೇಳಾಕಿಲ್ಲ."

"ಕರೆಂಟ್ ಹೋದಾಗ ನಮ್ಮನೇನೂ ಹಂಗೇ ಇರ್ತದಪ್ಪ," ಅಂದೆ.

ಅವ್ವನ ಷರತ್ತು

ಅವನು ನಗಲಿಲ್ಲ. ಅವನ ಚಿಂತೆಯೇ ಬೇರೆ ಇತ್ತು. ಆ ಮನೆಯಲ್ಲಿ ಹೊಸದು ಏನೇ ಶುರುವಾದರೂ ಅವ್ವನೇ ಹಾಲುಕ್ಕಿಸಬೇಕು. ಅವ್ವ ಬರದಿದ್ದರೆ ಬಾಗಿಲೇ ತೆಗೆಯುವುದಿಲ್ಲ ಅಂತ ಇವನ ಹಟ. ಆ ಪದದ ಅರ್ಥ ಗೊತ್ತಾಗದೆ ಹೊಸ್ತಿಲು ತುಳಿಯುವುದಿಲ್ಲ ಅಂತ ಅವ್ವನ ಹಟ. ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸ್ವಲ್ಪ ಮೆತ್ತಗೆ ಹೇಳಿ ಸ್ವಾಮಿ ಅಂತ ದಾರಿಯುದ್ದಕ್ಕೂ ಕೇಳಿಕೊಂಡ.

ಹಣೆಯಲ್ಲಿ ವಿಭೂತಿ ಇಟ್ಟುಕೊಂಡು ಸುಳ್ಳು ಹೇಳಲಾದೀತೇ. ಸಂಜೆ ಗಂಡಸರು ಸೇರುತ್ತಾರೆ, ಕುಡಿಯುತ್ತಾರೆ, ಹಾಡು ಹಾಕಿ ಕುಣಿಯುತ್ತಾರೆ, ಅದೇ ಪಬ್ ಕಣಮ್ಮ ಅಂದೆ. ಆಕೆ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟರು.

"ಅಷ್ಟಕ್ಕೆ ಮಳಿಗೆ ಯಾಕೆ ಬುದ್ಧಿ? ಇವರಪ್ಪ ಅದನ್ನೆಲ್ಲ ಜಗಲಿ ಮೇಲೇ ಮಾಡ್ತಿದ್ರು."

ಮಗ ತಲೆ ತಗ್ಗಿಸಿ ನಿಂತ. ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಹೇಳಿಕೊಂಡೆ. ಆಕೆ ಮಗನ ಮುಖ ನೋಡಿ, ಬರುತ್ತೇನೆ, ಆದರೆ ಮನೆದೇವರು ಮಾದಪ್ಪನ ಪಟವನ್ನೂ ತರುತ್ತೇನೆ, ಅದು ಅಲ್ಲೇ ಇರಬೇಕು ಅಂದರು. ಯಾಕವ್ವಾ ಅಂದ ಮಗ.

"ಅಲ್ಲಿ ಒಬ್ರಾದ್ರೂ ನೆಟ್ಟಗಿರಬೇಕಲ್ಲ ಕಣ್ಲಾ."

ಪೂರ್ವಕ್ಕೆ ಮುಖ

ಮುಹೂರ್ತದ ದಿನ ಹಾಲು ಚೆನ್ನಾಗಿ ಉಕ್ಕಿತು, ಅದೂ ಪೂರ್ವಕ್ಕೇ. ಅವನ ಮುಖ ಅರಳಿತು. ಪಟ ಎಲ್ಲಿಡಲಿ ಅಂದ. ದೇವರು ಪೂರ್ವಕ್ಕೆ ಮುಖ ಮಾಡಬೇಕು, ಪಡುವಣ ಗೋಡೆಗೆ ಇಡು ಅಂದೆ. ಆ ಗೋಡೆಯಲ್ಲಿ ಬಾಟಲಿ ಜೋಡಿಸಿದ ಕಪಾಟಿತ್ತು. ನಡುವಿನ ಸಾಲು ಸರಿಸಿ ಪಟ ಇಟ್ಟು ದೀಪ ಹಚ್ಚಿದೆವು. ಆ ಕತ್ತಲ ಮಳಿಗೆಯಲ್ಲಿ ಬೆಳಕಿದ್ದದ್ದು ಅದೊಂದೇ. ನನ್ನ ಕಣ್ಣು ತುಂಬಿ ಬಂತು.

ಸಂಜೆ ಊರಿನವರು ಬಂದರು. ದೀಪ ಕಂಡದ್ದೇ ಚಪ್ಪಲಿ ಹೊರಗೆ ಬಿಟ್ಟರು. ಅಲ್ಲಿಂದಲೇ ಕೈಮುಗಿದರು. ಒಳಗೆ ಬಂದವರು ಸಾಲಾಗಿ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಎತ್ತರದ ಕುರ್ಚಿಗಳೆಲ್ಲ ಖಾಲಿ. ಏನು ಕೊಡಲಿ ಅಂತ ಇವನು ಕೇಳಿದರೆ ಯಾರೂ ಬಾಯಿ ಬಿಡುತ್ತಿಲ್ಲ. ಮಾದಪ್ಪನ ಕಣ್ಣೆದುರಿಗೆ ಕೇಳುವುದು ಹೇಗೆ? ಕೊನೆಗೆ ಊರಲ್ಲೇ ಹೆಸರುವಾಸಿ ಕುಡುಕ ಧೈರ್ಯ ಮಾಡಿ ಎದ್ದು ಕಪಾಟಿನ ಹತ್ತಿರ ಹೋದ. ಪಟಕ್ಕೆ ಅಡ್ಡಬಿದ್ದು, ಪಕ್ಕದಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿ, "ತೀರ್ಥ ಕೊಡ್ರವ್ವ," ಅಂತ ಕೈಯೊಡ್ಡಿದ.

ಮೂರು ಸಂಜೆಯೂ ಇದೇ ಕಥೆ. ಇವನು ಸೋತು, ಪಟಾನ ಒಂಚೂರು ಹಿಂದಕ್ಕೆ ಸರಿಸಲಾ ಅವ್ವ ಅಂದ.

"ದೇವರು ಅಲ್ಲೇ ಇರ್ಲಿ. ನಿನ್ನ ಪಬ್ಬನ್ನೇ ಹಿಂದಕ್ಕೆ ಸರಿಸು."

ಸೋಮವಾರದ ಫೋನು

ಬಾಟಲಿಗಳು ಬಂದ ಗಾಡಿಯಲ್ಲೇ ವಾಪಸ್ ಹೋದವು. ಅವ್ವ ಸೆರಗು ಕಟ್ಟಿ ಅಲ್ಲೇ ಮುದ್ದೆ, ಉಪ್ಪೆಸರಿನ ಊಟ ಶುರು ಮಾಡಿದರು. ಈಗ ಮಧ್ಯಾಹ್ನ ಜಾಗ ಸಿಗುವುದಿಲ್ಲ. ಮಗನೂ ಮೈ ಕೈ ತುಂಬಿಕೊಂಡಿದ್ದಾನೆ. ಎಲ್ಲ ಶಿವನಿಚ್ಛೆ. ಪಬ್ ಅಂತ ಬರೆಸಿದ ಬೋರ್ಡು ಮಾತ್ರ ಹಾಗೇ ಇದೆ, ದುಡ್ಡು ಕೊಟ್ಟದ್ದು ಅಂತ ಅವ್ವನೇ ತೆಗೆಯಗೊಡಲಿಲ್ಲ. ಹಾಗಾಗಿ ನಮ್ಮೂರಿನ ಹೆಂಗಸರೂ, "ಪಬ್ಬಿಗೋಗಿ ಮುದ್ದೆ ಉಂಡು ಬತ್ತೀನಿ ಕಣಕ್ಕ," ಅನ್ನುತ್ತಾರೆ. ಅಲ್ಲಿ ಸೋಮವಾರ ಸಂಜೆಯ ಪೂಜೆ ನನ್ನದೇ.

ಹೋದ ಸೋಮವಾರ ಪಿರಿಯಾಪಟ್ಟಣದ ಭಕ್ತರೊಬ್ಬರು ಮನೆಗೆ ಫೋನ್ ಮಾಡಿದರು. ನನ್ನಾಕೆ ತೆಗೆದುಕೊಂಡಳು. ಅಯ್ನೋರು ಇದ್ದಾರಾ ಅಂತ ಕೇಳಿದರಂತೆ. ಇವಳು ಸಹಜವಾಗಿ, ಇಲ್ಲ, ಸಂಜೆಯಾಯ್ತಲ್ಲ, ಪಬ್ಬಿಗೆ ಹೋಗಿದ್ದಾರೆ ಅಂದಳಂತೆ. ಆ ಕಡೆಯವರು ಮೆಲ್ಲಗೆ, "ವಿಭೂತಿ ಇಟ್ಕೊಂಡೇ ಹೋದ್ರಾ ಅಮ್ಮ?" ಅಂದರಂತೆ.

"ಇವರೊಬ್ರಿಗಾದ್ರೆ ಹಣೆ ಮೇಲಿನದ್ದೇ ಸಾಕಾಗ್ತಿತ್ತು," ಅಂದಳಂತೆ ನನ್ನಾಕೆ. "ಅಲ್ಲಿ ಬಂದೋರಿಗೆಲ್ಲ ಇವರೇ ಇಡಬೇಕಲ್ಲ, ತಟ್ಟೆ ತುಂಬ ತಗೊಂಡು ಹೋಗಿದ್ದಾರೆ."