ರೈಟರ ಮೂರು ಬಣ್ಣದ ಮಾತ್ರೆ

"ಈ ಸಲ ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯೋವರೆಗೂ ಈ ರೈಟರ್ ಒಂದು ದಿನವೂ ಮಲಗಲ್ಲ, ಬರೆದಿಟ್ಕೋ" ಎಂದು ಶಿವಪ್ರಕಾಶ್ ಹೆಂಡತಿಯ ಎದುರು ಪ್ರತಿಜ್ಞೆ ಮಾಡಿದ್ದು ಸೋಮವಾರ. ಪ್ರತಿಜ್ಞೆ ಮುಗಿಸುವಷ್ಟರಲ್ಲಿ ಮೂರು ಸಲ ಸೀನಿದ್ದ.

"ಜ್ವರ ಇದೆ ಕಣ್ರೀ, ಆಸ್ಪತ್ರೆಗೆ ಹೋಗಿ" ಎಂದಳು ಸುಧಾ. ಅವಳು ಊರಿನ ಆಶಾ ಕಾರ್ಯಕರ್ತೆ.

"ಆಸ್ಪತ್ರೆನೇ ನನ್ನ ಆಫೀಸಲ್ಲಿರುವಾಗ ನಾನೆಲ್ಲಿಗೆ ಹೋಗಲಿ?"

ಮಾತು ಪೂರ್ತಿ ಸುಳ್ಳಲ್ಲ. ತಿತಿಮತಿ ಪಕ್ಕದ ಆ ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರದ್ದೇ ಮಾತ್ರೆ ಕೊಡುವ ಕೆಲಸವೂ. ಕೆಲಸದವರ ಸಾಲು ಸಾಲು ಲೈನ್ ಮನೆಗಳಲ್ಲಿ ಐದಾರು ಭಾಷೆಯ ಜನ. ಯಾವ ಮಾತ್ರೆ ಯಾವುದಕ್ಕೆಂದು ಎಲ್ಲರಿಗೂ ತಿಳಿಸುವಷ್ಟರಲ್ಲಿ ಕಾಯಿಲೆ ತಾನಾಗಿಯೇ ವಾಸಿಯಾಗುತ್ತಿತ್ತು. ಅದಕ್ಕೇ ಶಿವಪ್ರಕಾಶ್ ಒಂದು ಮಹಾಶೋಧನೆ ಮಾಡಿದ್ದ. ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ ಮೂರು ಡಬ್ಬಿಗೆ ಸುರಿದಿದ್ದ. ಬಿಳಿ ಜ್ವರಕ್ಕೆ, ಹಳದಿ ಮೈಕೈ ನೋವಿಗೆ, ಕೆಂಪು ಶೀತಕ್ಕೆ. ಕೆಲಸದವರು ಹಣೆಯನ್ನೋ ಸೊಂಟವನ್ನೋ ಮೂಗನ್ನೋ ಮುಟ್ಟಿ ತೋರಿಸಿದರೆ ಸಾಕು, ಬಣ್ಣ ಕೈಗೆ ಬೀಳುತ್ತಿತ್ತು. ಅಂದಿನಿಂದ ಅವನು ತನ್ನ ಲೆಕ್ಕದಲ್ಲಿ ಅರ್ಧ ಡಾಕ್ಟರ್. ಉಳಿದರ್ಧ ಬರೀ ಓದಿನ ವಿಷಯ, ಅದೇನು ದೊಡ್ಡದಲ್ಲ ಎಂಬ ಭಾವನೆ.

ಈಗ ಅವನಿಗೆ ಹಣೆ, ಸೊಂಟ, ಮೂಗು ಮೂರೂ ಕೈಕೊಟ್ಟಿದ್ದವು. ಹಾಗಾಗಿ ಮೂರು ಬಣ್ಣ, ಮೂರು ಹೊತ್ತು. ಸಂಜೆ ಚಳಿಗೆಂದು ಎರಡು ಪೆಗ್ ಬೇರೆ. ಜ್ವರ ಇಳಿಯಿತು, ಜಂಬ ಏರಿತು. ಗುರುವಾರ ಬೆಳಿಗ್ಗೆ ತಿಂದದ್ದು ನಿಲ್ಲದೆ ವಾಂತಿ ಶುರುವಾಯಿತು. ಅದಕ್ಕೆ ನಾಲ್ಕನೇ ಬಣ್ಣ ಹುಡುಕುತ್ತಿದ್ದಾಗ ಸುಧಾ ಆಫೀಸಿಗೇ ಬಂದಳು.

"ಏನೇನು ನುಂಗಿದ್ದೀರಿ?"

"ಬೇರೆಬೇರೆ ಮಾತ್ರೆ. ಒಂದರ ತಂಟೆಗೆ ಇನ್ನೊಂದು ಹೋಗಲ್ಲ."

ಬೀರುವಿನಲ್ಲಿ ಬಿಡಿಸದೆ ಉಳಿದಿದ್ದ ಸ್ಟ್ರಿಪ್ಪುಗಳನ್ನು ಅವಳು ಬೆಳಕಿಗೆ ಹಿಡಿದು ಸಣ್ಣಕ್ಷರ ಓದಿದಳು. ಓದುತ್ತಾ ಅವಳ ಮುಖ ಬಿಳಿಚಿತು.

"ಬಿಳೀದು ಪ್ಯಾರಾಸಿಟಮಾಲ್. ಹಳದಿಯಲ್ಲೂ ಪ್ಯಾರಾಸಿಟಮಾಲ್, ಜೊತೆಗೆ ಇನ್ನೊಂದು ನೋವಿನ ಔಷಧಿ. ಕೆಂಪಿನಲ್ಲೂ ಪ್ಯಾರಾಸಿಟಮಾಲೇ ಇದೆ. ಒಂದೇ ಮಾತ್ರೆಗೆ ಮೂರು ಅಂಗಿ ತೊಡಿಸಿ ನುಂಗಿದ್ದೀರಿ. ಅಳತೆ ಮೀರಿದ್ರೆ ಲಿವರ್ ಹೋಗುತ್ತೆ ರೀ. ಮೇಲೆ ಆ ಪೆಗ್ಗು ಬೇರೆ."

ಆಸ್ಪತ್ರೆಯಲ್ಲಿ ರಕ್ತ ತೆಗೆದು ಬೆಂಚಿನಲ್ಲಿ ಕೂರಿಸಿದರು. ರಿಪೋರ್ಟ್ ಬರಲು ಮೂರು ಗಂಟೆ. ಶಿವಪ್ರಕಾಶ್ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಣ್ಣು ಹಳದಿಯಾಗಿದೆಯೇ ಎಂದು ಕಿಟಕಿಯ ಗಾಜಿನಲ್ಲಿ ಇಣುಕಿದ. ಆ ಗಾಜಿನಲ್ಲಿ ನರ್ಸಮ್ಮನೂ ಹಳದಿಯಾಗಿಯೇ ಕಂಡರು. ಲಿವರ್ ಎಡಕ್ಕೋ ಬಲಕ್ಕೋ ಅರ್ಧ ಡಾಕ್ಟರಿಗೆ ಗೊತ್ತಿರಲಿಲ್ಲ. ಎರಡೂ ಕಡೆ ಒತ್ತಿ ನೋಡಿಕೊಂಡ. ಒತ್ತುತ್ತಿದ್ದ ಕೈ ಹಾಗೇ ನಿಂತಿತು.

"ಸುಧಾ, ಮೂರನೇ ಲೈನಿನ ರಂಗಮ್ಮನೂ ಮೂರೂ ಕಡೆ ಮುಟ್ಟಿ ತೋರಿಸಿದ್ಲು. ಮೊನ್ನೆಯಿಂದ ಅವಳಿಗೂ ಮೂರು ಬಣ್ಣ ಕೊಟ್ಟಿದ್ದೀನಿ."

"ಅಯ್ಯೋ, ಅವಳಿಗೆ ಅರವತ್ತು ದಾಟಿದೆ."

ಫೋನ್ ಮಾಡಿದರೆ ಲೈನ್ ಮನೆಗಳ ಕಡೆ ನೆಟ್‌ವರ್ಕ್ ಇಲ್ಲ. ಅಲ್ಲಿಯವರೆಗೆ ಅವನಿಗಿದ್ದದ್ದು ಗಾಬರಿ. ಭಯ ಹುಟ್ಟಿದ್ದು ಈಗ. ತನ್ನ ಲಿವರ್ ಇದೆ ಎಂಬುದೇ ಅವನಿಗೆ ಮರೆತುಹೋಯಿತು.

"ಲಿವರಿಗೆ ಸ್ವಲ್ಪ ಪೆಟ್ಟು ಬಿದ್ದಿದೆ, ಸದ್ಯ ಬೇಗ ಬಂದ್ರಿ. ಆ ಮಾತ್ರೆ ಬಂದ್, ಕುಡಿಯೋದು ಬಂದ್. ನಾಳೆ ಮತ್ತೆ ರಕ್ತ ಕೊಡಿ" ಎಂದರು ರಿಪೋರ್ಟ್ ನೋಡಿದ ಡಾಕ್ಟರು. ಅವನು ಆ ಮಾತು ಮುಗಿಯುವ ಮೊದಲೇ ಬಾಗಿಲಲ್ಲಿದ್ದ.

ಎಸ್ಟೇಟಿನ ಜೀಪು ಪೂರ್ತಿ ನಿಲ್ಲುವ ಮೊದಲೇ ಇಳಿದು ಲೈನಿಗೆ ಓಡಿದ. ರಂಗಮ್ಮ ಜಗಲಿಯಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಳು.

"ರಂಗಮ್ಮ, ಎಷ್ಟು ಮಾತ್ರೆ ತಿಂದೆ? ವಾಂತಿ ಆಯ್ತಾ? ಕಣ್ಣು ತೋರ್ಸು."

"ಒಂದೂ ತಿಂದಿಲ್ಲ ರೈಟರೇ."

ಶಿವಪ್ರಕಾಶನಿಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ತಾನೇ ಮೂರೂ ಬಣ್ಣ ನುಂಗಿ ಆಸ್ಪತ್ರೆಗೆ ಹೋಗಿ ಬಂದದ್ದನ್ನು ಒಂದೇ ಉಸಿರಿಗೆ ಹೇಳಿದ. ರಂಗಮ್ಮ ಒಳಗಿನಿಂದ ಒಂದು ದೊಡ್ಡ ಬಿಸ್ಕತ್ ಡಬ್ಬಿ ತಂದು ಮುಚ್ಚಳ ತೆಗೆದಳು. ಬಿಳಿ, ಹಳದಿ, ಕೆಂಪು, ಕಂಠದವರೆಗೆ ತುಂಬಿತ್ತು.

"ಇದು ಎಲ್ಲಾ ಲೈನಿಂದೂ ಸೇರಿ. ಬೇಡ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಇಸ್ಕೊಂಡು ಇದಕ್ಕೆ ಹಾಕ್ತಾರೆ. ನಾವು ಕಷಾಯ ಕುಡೀತೀವಿ, ಅದಕ್ಕೂ ಹೋಗಿಲ್ಲಾಂದ್ರೆ ಸುಧಕ್ಕನ ಕೇಳ್ತೀವಿ."

ಎಲೆ ಅಡಿಕೆ ಉಗಿದು ಬಂದು, ಕನಿಕರದಿಂದ ಅವನ ಮುಖ ನೋಡಿದಳು.

"ಅಲ್ಲ ರೈಟರೇ, ಎಲ್ಲಾ ಗೊತ್ತಿದ್ದೂ ನೀವು ಯಾಕೆ ತಿನ್ನೋಕೆ ಹೋದ್ರಿ?"